ಹಳ್ಳಿಖೇಡ ಬಿ, ಹಳ್ಳಿಖೇಡ ಕೆ: ಕೊನೆಗೂ ಬೇರೆಯಾದವು

ಊರ ಹೆಸರು ಹುಡುಕುವ ಸೇವೆ ಅಂತೂ ದಾರಿಗೆ ಬಂತು. ಜ್ವರ, ವಾಂತಿಭೇದಿ ವರದಿ ಕಳಿಸುವ ಆ್ಯಪ್‌ಗಳು ತಮ್ಮ ತಮ್ಮ ಊರಪಟ್ಟಿ ಇಟ್ಟುಕೊಳ್ಳುವ ಬದಲು ಒಂದೇ ಕಡೆ ಕೇಳಬೇಕು, ಹೆಸರು ಕೊಟ್ಟರೆ ಕೇಂದ್ರ ಸರಕಾರ ಪ್ರತಿ ಊರಿಗೂ ಕೊಟ್ಟಿರುವ ಎಲ್‌ಜಿಡಿ ಕೋಡ್ ಸಿಗಬೇಕು. ತಪ್ಪು ಒಮ್ಮೆ ತಿದ್ದಿದರೆ ಎಲ್ಲೆಡೆ ತಿದ್ದಿದಂತೆ. ತಪ್ಪು ಉಳಿದರೂ ಎಲ್ಲೆಡೆ ಉಳಿಯುತ್ತದೆ, ಅದಕ್ಕೇ ಇಷ್ಟು ಹಟ.

ಕಾಡಿದ್ದು ಕಂಸ. ಬೀದರ್ ಜಿಲ್ಲೆಯ ಹುಮನಾಬಾದ್ ಕಡೆ ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ) ಎರಡೂ ಇವೆ. ಬಿ ಅಂದರೆ ಬುದ್ರುಕ್, ದೊಡ್ಡದು. ಕೆ ಅಂದರೆ ಖುರ್ದ್, ಸಣ್ಣದು. ಹೆಸರು ಶುಚಿ ಮಾಡುವಾಗ ಕಂಸದಲ್ಲಿದ್ದದ್ದನ್ನು ಕಿತ್ತುಹಾಕುವುದು ರೂಢಿ. ಕಿತ್ತರೆ ಎರಡೂರು ಒಂದಾಗುತ್ತವೆ. ಉಳಿಸಿದರೂ ಗೋಳು ತಪ್ಪದು: ಇಂಗ್ಲಿಷಿನಲ್ಲಿ ಬರೆದಾಗ ಖಾಲಿ ಜಾಗ ಸೇರಿ 11 ಅಕ್ಷರ, ವ್ಯತ್ಯಾಸ 1, ಎಷ್ಟು ಅಕ್ಷರ ಬದಲಿಸಬೇಕೆಂದು ಎಣಿಸಿ ಹೆಸರುಗಳ ಸಾಮ್ಯ ಅಳೆಯುವ ಲೆವೆನ್‌ಸ್ಟೈನ್ ಹೋಲಿಕೆ 0.91 (ಪೂರ್ತಿ ಒಂದೇ ಆಗಿದ್ದರೆ 1). ಅದೇ ಗುಲ್ಬರ್ಗಾ ಮತ್ತು ಕಲಬುರಗಿ ಇಟ್ಟು ನೋಡಿ: 10ಕ್ಕೆ 6 ವ್ಯತ್ಯಾಸ, 0.4. ಒಂದೇ ಊರು ಫೇಲು, ಎರಡೂರು ಪಾಸು. ಒಂದೇ ಊರು ಅನ್ನಲು ಇಟ್ಟ ಗಡಿ 0.85 ಇರಲಿ, 0.9 ಇರಲಿ, ಫಲ ಅದೇ.

ಬಿಯಲ್ಲಿ 3, ಕೆಯಲ್ಲಿ 4 ವಾಂತಿಭೇದಿ ಪ್ರಕರಣ ಇವೆ ಅನ್ನಿ. ಏಳೂ ಬಿ ಹೆಸರಿಗೆ ಬಿದ್ದರೆ ಕ್ಲೋರಿನ್ ಹಿಡಿದವರು ಬಿ ಟ್ಯಾಂಕಿಗೆ ಹೋಗುತ್ತಾರೆ. ಕೆ ಊರಿನ ನಲ್ಲಿ ನೀರಿಗೆ, ಕ್ಲೋರಿನ್ ಇದ್ದರೆ ಹಳದಿಯಾಗುವ ಒ.ಟಿ. (ಆರ್ಥೊಟಾಲಿಡಿನ್) ದ್ರಾವಣ ಹಾಕಿದರೂ ಹಳದಿ ತಿರುಗುವುದಿಲ್ಲ, ಆದರೆ ಹಾಕಿ ನೋಡುವವರು ಅಲ್ಲಿಲ್ಲ.

ಮೊದಲು ಎನ್‌ಎಫ್‌ಸಿ ಮಾಡಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಯೂನಿಕೋಡ್ ರೂಪಗಳನ್ನು ಒಂದಾಗಿಸಿ. ‘ಖೇ’ಯ ಸ್ವರಚಿಹ್ನೆ ಒಂದೇ ಗುರುತಾಗಿಯೂ ಬರುತ್ತದೆ, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರುತ್ತದೆ. ಆಮೇಲೆ ಕಂಸ ಕೀಳುವ ಮುಂಚೆಯೇ ಬಿ, ಬಿ., ಬುದ್ರುಕ್, ಬುಜುರ್ಗ್ ಎಲ್ಲವನ್ನೂ ಬೇರೆ ಕಾಲಮ್ಮಿಗೆ ಎತ್ತಿಡಿ. ಕೆ, ಖುರ್ದ್ ಕೂಡ ಹಾಗೇ. ಹೋಲಿಕೆಯ ಲೆಕ್ಕ ಮೂಲ ಹೆಸರಿಗೆ ಮಾತ್ರ, ಈ ಕಾಲಮ್ಮು ತಾಳೆಯಾದರೆ ಆಯಿತು, ಇಲ್ಲದಿದ್ದರೆ ಇಲ್ಲ. ಬಿ, ಕೆ ಏನೂ ಬರೆಯದೆ ಬಂದರೆ ವರದಿ ಕಳಿಸಿದ ಆರೋಗ್ಯ ಉಪಕೇಂದ್ರದ ಊರುಗಳಲ್ಲಿ ಹುಡುಕಿ. ಅಲ್ಲೂ ಎರಡು ಸಿಕ್ಕರೆ ಸೇವೆ ತಾನೇ ತೀರ್ಮಾನಿಸಬಾರದು, ಮನುಷ್ಯರು ನೋಡುವ ಸಾಲಿಗೆ ಕಳಿಸಬೇಕು. ಗುಲ್ಬರ್ಗಾದಂಥವಕ್ಕೆ ಹಳೆಯ ಹೆಸರಿನ ಪಟ್ಟಿಯೇ ಮದ್ದು, ಲೆಕ್ಕ ಅಲ್ಲ.

ಲ್ಯಾಬ್ ಸಾಫ್ಟ್‌ವೇರ್ ಮಾರಿದವರೊಬ್ಬರು ಕೊಡುವ ಕಡತ ಇನ್ನೂ ಕನ್ನಡವನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡಿನಲ್ಲೇ ಇಡುವ ಹಳೆಯ ಆಸ್ಕಿ ಫಾಂಟಿನದು. ‘ಳಿ’ ಇರಬೇಕಾದಲ್ಲಿ ½ ಕೂತಿರುತ್ತದೆ. ಯೂನಿಕೋಡ್ ಕೇಳಿದರೆ ಬೇರೆ ದರಪಟ್ಟಿ ಬರುತ್ತದೆ. ಇದು ಅನ್ಯಾಯ.

ಇದೇ ಕಡತದಿಂದ ಮುಂದಿನ ಕೆಲಸವೂ ಹುಟ್ಟಿದೆ: ಡೆಂಗಿ. ರೋಗ ನಿಗಾಕ್ಕೆ ವರದಿ ಮಾಡುವ ವೈದ್ಯರ ಪಿ ಫಾರ್ಮ್, ಲ್ಯಾಬಿನ ಎಲ್ ಫಾರ್ಮ್ ಎರಡರಲ್ಲೂ ಒಬ್ಬರೇ ರೋಗಿ. ಮೊದಲ ದಿನಗಳಲ್ಲಿ ಎನ್ಎಸ್1, ವಾರದ ಹೊತ್ತಿಗೆ ಐಜಿಎಂ ರಕ್ತಪರೀಕ್ಷೆ ಮಾಡಿಸಿದರೆ ಎಲ್‌ನಲ್ಲೇ ಎರಡು ಸಾಲು. ಇವನ್ನು ಒಂದಾಗಿಸುವ ಸೇವೆಯೂ ಎಲ್ಲ ಆ್ಯಪ್‌ಗಳೂ ಹಂಚಿಕೊಳ್ಳುವಂಥದ್ದೇ ಆಗಬೇಕು.

ಊರಪಟ್ಟಿಯಲ್ಲಿ ಬಾಕಿ ಉಳಿದಿದ್ದು ತಾರೀಖು. ಚಿಟಗುಪ್ಪ, ಹುಲಸೂರ ತಾಲೂಕಾಗುವ ಮುಂಚಿನ ವರದಿಗಳಲ್ಲಿ ಅಲ್ಲಿನ ಊರುಗಳು ಇನ್ನೂ ಹುಮನಾಬಾದ್, ಬಸವಕಲ್ಯಾಣದ ಲೆಕ್ಕದಲ್ಲೇ ಇವೆ. ಪ್ರತಿ ಸಾಲಿಗೂ ‘ಎಂದಿನಿಂದ’, ‘ಎಂದಿನವರೆಗೆ’ ಎಂಬ ಎರಡು ಕಾಲಮ್ಮು ಸೇರಿಸುವುದು ನಡೆದಿದೆ; ಬೀದರ್ ಮುಗಿದ ಮೇಲೆ ಕಲಬುರಗಿ ಜಿಲ್ಲೆಯ ಹೊಸ ತಾಲೂಕುಗಳಾದ ಯಡ್ರಾಮಿ, ಕಾಳಗಿ, ಕಮಲಾಪುರ.