ಹಿನ್ನೀರಿನಲ್ಲಿ ಕೂರಿಸಿದ ಜನ

"ಎಂತ ಮಾರಾಯ್ರೆ, ನಮ್ಮೂರಿನವರನ್ನೆಲ್ಲ ನೀರಲ್ಲಿ ಬಿಟ್ಟಿದೀರಲ್ಲ!"

ಸಾಗರದ ಒಂದು ಸಭೆಯಲ್ಲಿ ನನ್ನ ನಕ್ಷೆಯನ್ನು ಗೋಡೆಗೆ ಅಂಟಿಸಿ ಎರಡು ನಿಮಿಷ ಆಗಿರಲಿಲ್ಲ. ತುಮರಿ ಕಡೆಯ ಹಿರಿಯರೊಬ್ಬರು ಎದ್ದು ಬಂದು, ಕನ್ನಡಕ ಸರಿ ಮಾಡಿಕೊಂಡು ಹೀಗಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಹತ್ತಿರ ಹೋಗಿ ನೋಡಿದೆ. ಅವರು ಹೇಳಿದ್ದು ನಿಜ. ನನ್ನ ನಕ್ಷೆಯಲ್ಲಿ ಒಂದು ಚುಕ್ಕಿ ಅಂದರೆ 50 ಜನ. ಅಂತಹ ಹತ್ತಾರು ಚುಕ್ಕಿಗಳು ಲಿಂಗನಮಕ್ಕಿ ಹಿನ್ನೀರಿನ ನಟ್ಟನಡುವೆ ಆರಾಮಾಗಿ ಕೂತಿದ್ದವು.

ಶಿವಮೊಗ್ಗದಲ್ಲಿ ಕೂತು ಜನಗಣತಿಯ ಅಂಕಿಗಳಿಂದ ನಕ್ಷೆ ಮಾಡುವುದು ನನ್ನ ಕೆಲಸ. ಅಂಕಿಗಳು ಇನ್ನೂ 2011ರವೇ. 2021ರ ಗಣತಿ ಮುಂದಕ್ಕೆ ಹೋಯಿತು, ಮುಂದಿನದು 2027ಕ್ಕೆ. ಅಲ್ಲಿಯವರೆಗೆ ಹಳೇ ಅಕ್ಕಿಯಲ್ಲೇ ಅನ್ನ ಮಾಡಬೇಕು. ಬಳಸುವುದು ಕ್ಯೂಜಿಐಎಸ್, ನಕ್ಷೆ ಮಾಡುವುದಕ್ಕೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್.

ಬಣ್ಣ ಹಾಕುವುದಕ್ಕೆ ಐದು ನಿಮಿಷ ಸಾಕು. ದಿನಗಟ್ಟಲೆ ತಿನ್ನುವುದು ಊರುಗಳ ಗಡಿಯ ಲೇಯರ್‌ಗೆ, ಅಂದರೆ ನಕ್ಷೆಯ ಒಂದು ಪದರಕ್ಕೆ, ಗಣತಿಯ ಪಟ್ಟಿಯನ್ನು ಜೋಡಿಸುವ (ಜಾಯಿನ್ ಮಾಡುವ) ಕೆಲಸ. ಮೊದಲ ಸಲ ನಾನು ಹೆಸರು ನೋಡಿ ಜೋಡಿಸಿದ್ದೆ. ಪಟ್ಟಿಯಲ್ಲಿ ಜಿಲ್ಲೆಯ ಹೆಸರೇ ಶಿಮೊಗ, ಯಾಕೆಂದರೆ ಸರ್ಕಾರ ಅದನ್ನು ಶಿವಮೊಗ್ಗ ಮಾಡಿದ್ದು 2014ರಲ್ಲಿ. ಇಂಗ್ಲಿಷಿನಲ್ಲಿ ತೀರ್ಥಹಳ್ಳಿಗೆ ಒಂದು ಕಡೆ 'ಎಚ್' ಇದೆ, ಇನ್ನೊಂದು ಕಡೆ ಇಲ್ಲ. ಇನ್ನು ಹೊಸಹಳ್ಳಿಗಳ ಕಥೆ ಕೇಳಲೇಬೇಡಿ. ಮತ್ತೂರಿನ ಪಕ್ಕದ ಹೊಸಹಳ್ಳಿ ಎಲ್ಲರಿಗೂ ಗೊತ್ತು. ಆದರೆ ಹೊಸಹಳ್ಳಿ ಅನ್ನುವ ಊರು ಅದೊಂದೇ ಅಲ್ವಲ್ಲ. ಒಂದರ ಜನ ಇನ್ನೊಂದಕ್ಕೆ ಹೋಗಿ ಕೂತರೂ ಸಾಫ್ಟ್‌ವೇರ್ ಕಮಕ್ ಕಿಮಕ್ ಅನ್ನುವುದಿಲ್ಲ.

ಅದಕ್ಕೇ ಗಣತಿಯವರು ಪ್ರತಿ ಊರಿಗೂ ಆರು ಅಂಕೆಯ ಕೋಡ್ ಕೊಟ್ಟಿದ್ದಾರೆ. ತಾಲೂಕಿಗೆ ಐದಂಕೆ. ನಮ್ಮ ತಾಲೂಕುಗಳ ಕೋಡ್ ಸೊನ್ನೆಯಿಂದ ಶುರುವಾಗುತ್ತದೆ. ಎಕ್ಸೆಲ್‌ನಲ್ಲಿ ಒಂದು ಸಲ ಫೈಲ್ ತೆರೆದು ಸೇವ್ ಮಾಡಿದರೆ ಆ ಸೊನ್ನೆ ಮಾಯ. ಆಮೇಲೆ ಜಾಯಿನ್ ಮಾಡಿದರೆ ಒಂದು ತಾಲೂಕೂ ಕೂಡುವುದಿಲ್ಲ, ಎಲ್ಲ ಖಾಲಿ. ಇದು ತಿಳಿಯುವುದಕ್ಕೆ ನನಗೆ ಒಂದಿಡೀ ಶನಿವಾರ ಬೇಕಾಯಿತು. ಈಗ ಕೋಡ್ ಕಾಲಂ ಅನ್ನು ಸಂಖ್ಯೆ ಅಂತ ಅಲ್ಲ, ಪಠ್ಯ ಅಂತಲೇ ತೆಗೆದುಕೊಳ್ಳುತ್ತೇನೆ.

ಸಾಕ್ಷರತೆಯಲ್ಲೂ ಒಮ್ಮೆ ಎಡವಿದ್ದೆ. ಓದಲು ಬರೆಯಲು ಬಲ್ಲವರನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದೆ. ಜಿಲ್ಲೆಯದು ಶೇ. 70ರ ಚಿಲ್ಲರೆ ಬಂತು. ಗಣತಿ ಹೇಳುವುದು ಶೇ. 80ಕ್ಕೂ ಜಾಸ್ತಿ. 0-6 ವಯಸ್ಸಿನ ಮಕ್ಕಳನ್ನು ಕಳೆದು ಭಾಗಿಸಬೇಕಿತ್ತು. ಅಂಗನವಾಡಿ ಮಕ್ಕಳನ್ನೆಲ್ಲ ಅನಕ್ಷರಸ್ಥರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ.

ಚುಕ್ಕಿಯ ವಿಷಯಕ್ಕೆ ಬರೋಣ. ಮೊದಲು ಮಾಡಿದ್ದು ಬಣ್ಣದ ನಕ್ಷೆ: ಜನ ಜಾಸ್ತಿ ಇದ್ದಲ್ಲಿ ಕಡು ಬಣ್ಣ. ಜನಸಂಖ್ಯೆಯನ್ನು ಸಮ ಅಂತರದ ವರ್ಗಗಳಾಗಿ ಒಡೆದು, ವರ್ಗಕ್ಕೊಂದು ಬಣ್ಣ ಕೊಟ್ಟೆ. 3 ಲಕ್ಷ ದಾಟಿದ ಶಿವಮೊಗ್ಗ ನಗರ ಒಂದೇ ಕಡುಗೆಂಪು, ಉಳಿದ ಜಿಲ್ಲೆ ಪೂರಾ ಪೇಲವ. ಪ್ರತಿ ವರ್ಗದಲ್ಲೂ ಅಷ್ಟಷ್ಟೇ ಊರು ಇರಲಿ ಅಂತ ಬದಲಾಯಿಸಿದೆ. ಆಗ ಇನ್ನೊಂದು ತಮಾಷೆ. ದೊಡ್ಡ ವಿಸ್ತೀರ್ಣದ ಕಾಡಿನ ಊರುಗಳು ಕಡು ಬಣ್ಣ ಬಳಿದುಕೊಂಡು ಎದ್ದು ಕಂಡವು. ಅಲ್ಲಿ ಜನ ಒತ್ತೊತ್ತಾಗಿಲ್ಲ, ಜಾಗ ದೊಡ್ಡದು ಅಷ್ಟೆ. ತಲೆ ಎಣಿಕೆಗೆ ಹೀಗೆ ಬಣ್ಣ ಬಳಿಯಬಾರದು, ಚದರ ಕಿಲೋಮೀಟರಿಗೆ ಎಷ್ಟು ಅಂತ ಲೆಕ್ಕ ಹಾಕಿ ಬಳಿಯಬೇಕು. (ಲೆಕ್ಕಕ್ಕೆ ಮೊದಲು ಲೇಯರನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ತಂದುಕೊಳ್ಳಿ. ಇಲ್ಲದಿದ್ದರೆ ವಿಸ್ತೀರ್ಣ ಡಿಗ್ರಿಯಲ್ಲಿ ಬಂದು ತಲೆ ಕೆಡಿಸುತ್ತದೆ.) ವರ್ಗಗಳನ್ನು ಈಗ ನಾನೇ ಕೈಯಾರೆ ಹಾಕುತ್ತೇನೆ: 50, 100, 200, 400. ನೋಡುವವರಿಗೆ ಬಾಯಿಗೆ ಬರುವ ಅಂಕಿಗಳೇ ಬೇಕು. 137.42 ಅಂತ ಬರೆದರೆ ಯಾರಿಗೆ ಬೇಕು?

ಸಾಂದ್ರತೆ ಲೆಕ್ಕ ಹಾಕಿದರೂ ಮಲೆನಾಡಿನಲ್ಲಿ ಸಮಾಧಾನ ಆಗುವುದಿಲ್ಲ. ಜಿಲ್ಲೆಯ ಸರಾಸರಿ 207, ರಾಜ್ಯದ್ದು 319. ಆದರೆ ಇಲ್ಲಿ ಊರೆಂದರೆ ಒಂದು ಗುಂಪು ಮನೆಗಳಲ್ಲ. ತೋಟದ ತಲೆಯಲ್ಲಿ ಎರಡು ಮನೆ, ಗುಡ್ಡ ದಾಟಿದರೆ ನಾಲ್ಕು, ಹಳ್ಳದ ಆಚೆ ಒಂದು ಮಜರೆ. ನಡುವೆ ಬರೀ ಕಾಡು. ಇಡೀ ಗ್ರಾಮಕ್ಕೆ ಒಂದೇ ಬಣ್ಣ ಬಳಿದರೆ ಕಾಡಿನಲ್ಲೂ ಜನ ಇದ್ದಂತೆ ಕಾಣುತ್ತದೆ. ಅದಕ್ಕೇ ಜಾಣತನ ಮಾಡಿ ಚುಕ್ಕಿ ನಕ್ಷೆಗೆ ಇಳಿದೆ. ಸಾಫ್ಟ್‌ವೇರ್ ಪ್ರತಿ ಊರಿನ ಗಡಿಯೊಳಗೆ ಎಲ್ಲಿ ಬೇಕೋ ಅಲ್ಲಿ ಚುಕ್ಕಿ ಚೆಲ್ಲಿತು. ಹಿನ್ನೀರೂ ಊರಿನ ಗಡಿಯೊಳಗೇ ಇತ್ತು. ಅದಕ್ಕೇನು ಗೊತ್ತು ಪಾಪ.

ಅಣೆಕಟ್ಟು ಆಗಿದ್ದು 1964ರಲ್ಲಿ. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೇ ಅದರ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಈಗಲೂ ಕಾಣುತ್ತದೆ. ಆ ಹಿರಿಯರು ಮುಳುಗಡೆ ಹೊತ್ತಿಗೆ ಸಣ್ಣ ಹುಡುಗ. ಊಟದ ಹೊತ್ತಿನಲ್ಲಿ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು: ಇಲ್ಲಿ ಗದ್ದೆ, ಇಲ್ಲಿ ಹಳೇ ದಾರಿ. ಬೆರಳು ಹೋದಲ್ಲೆಲ್ಲ ನೀಲಿ.

ವಾಪಸ್ ಬಂದು ನೀರಿನ ಲೇಯರನ್ನು, ಕಾಡಿನ ಲೇಯರನ್ನು ಊರಿನ ಗಡಿಯಿಂದ ಕತ್ತರಿಸಿ ತೆಗೆದೆ. ಉಳಿದ ಜಾಗದಲ್ಲಿ ಮಾತ್ರ ಮತ್ತೆ ಚುಕ್ಕಿ ಚೆಲ್ಲಿಸಿದೆ. ಚುಕ್ಕಿಗಳು ದಡ ಹತ್ತಿದವು. ಸಾಂದ್ರತೆಯೂ ಬದಲಾಯಿತು, ಪೇಲವ ಇದ್ದ ಕೆಲವು ಊರು ಒಂದು ವರ್ಗ ಮೇಲಕ್ಕೆ ಹೋದವು.

ಪ್ರಿಂಟ್ ತೆಗೆದುಕೊಂಡು ಮತ್ತೆ ಅವರಿಗೇ ತೋರಿಸಿದೆ. ಈ ಸಲ ಅವರ ಕಣ್ಣು ಬಿಳಿ ಬಿಟ್ಟ ಊರುಗಳ ಮೇಲೆ ಬಿತ್ತು. "ಇಲ್ಲಿ ಲೆಕ್ಕ ಸಿಕ್ಕಿಲ್ವಾ?" ಅಂದರು. ಅವು ಬೇಚರಾಕ್ ಊರುಗಳು, ಗಣತಿಯಲ್ಲಿ ಜನಸಂಖ್ಯೆ ಸೊನ್ನೆ. ಜಾಯಿನ್ ಆಗದೆ ಉಳಿದ ಎರಡು ಊರಿಗೂ ನಾನು ಅದೇ ಬಿಳಿ ಕೊಟ್ಟಿದ್ದೆ. ಸೊನ್ನೆಯೂ ಗೊತ್ತಿಲ್ಲದ್ದೂ ಒಂದೇ ಬಣ್ಣ! ಸೊನ್ನೆ ಊರುಗಳಿಗೆ ಓರೆ ಗೆರೆ ಹಾಕಿ, ಸೂಚಿಯಲ್ಲಿ 'ಜನವಸತಿ ಇಲ್ಲ' ಅಂತ ಬರೆಯುತ್ತೇನೆ ಅಂದೆ.

"ಎಲ್ಲದಕ್ಕೂ ಹಾಗೆ ಬರೀಬೇಡಿ. ಇದು ಕಾಡು, ಮೊದಲಿಂದಲೂ ಯಾರೂ ಇರಲಿಲ್ಲ. ಇದು, ಇದು, ಇದು ಮುಳುಗಡೆ."

ಗಣತಿಯ ಪಟ್ಟಿಯಲ್ಲಿ ಹಾಗೊಂದು ಕಾಲಂ ಇಲ್ಲ. ಟೇಬಲ್‌ನಲ್ಲಿ ನಾನೇ ಒಂದು ಸೇರಿಸಿದೆ. ಅವರು ಊರಿನ ಹೆಸರು ಹೇಳುತ್ತಾ ಹೋದರು, ನಾನು ಕೋಡ್ ಹುಡುಕಿ ತುಂಬುತ್ತಾ ಹೋದೆ.