ಒಡಿಸ್ಸಿಯಸ್‌ಗೆ ಸಾಕ್ಷಿ ಯಾರು?

14 ಜುಲೈ 2024, ಭಾನುವಾರ

ಬೆಳಗಿನಿಂದ ಬಿಡದ ಮಳೆ. ಹನ್ನೊಂದಕ್ಕೆ ಹೋದ ಕರೆಂಟು ಕತ್ತಲಾಗುವವರೆಗೂ ಬರಲಿಲ್ಲ. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಹೋಮರನ ಗ್ರೀಕ್ ಮಹಾಕಾವ್ಯ ಒಡಿಸ್ಸಿಯನ್ನು ಎರಡನೆಯ ಸಲ ಹಿಡಿದೆ. ಟ್ರಾಯ್ ಯುದ್ಧ ಮುಗಿಸಿ ತನ್ನ ಊರು ಇಥಾಕಾಕ್ಕೆ ಮರಳಲು ಹೆಣಗುವ ಅರಸ ಒಡಿಸ್ಸಿಯಸ್ಸನ ಕಥೆ ಅದು. ಮೊದಲ ಓದಿನಲ್ಲಿ ನನಗೊಂದು ಅನುಮಾನ ಹುಟ್ಟಿತ್ತು. ಅದನ್ನು ದೊಡ್ಡ ಶೋಧವೆಂಬಂತೆ ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದ್ದೆ.

ಅನುಮಾನ ಇಷ್ಟೇ. ಒಕ್ಕಣ್ಣ ದೈತ್ಯ, ಮನುಷ್ಯರನ್ನು ಹಂದಿಗಳಾಗಿಸುವ ಸರ್ಸಿ, ನಾವಿಕರನ್ನು ಮರುಳುಗೊಳಿಸುವ ಸೈರನ್‌ಗಳ ಹಾಡು, ಆರು ತಲೆಯ ಸಿಲ್ಲಾ, ಇವೆಲ್ಲ ಬರುವುದು 24 ಸರ್ಗಗಳ ಪೈಕಿ 9ರಿಂದ 12ರವರೆಗಿನ ನಾಲ್ಕರಲ್ಲಿ. ಅವನ್ನು ಹೇಳುವವನು ಕವಿಯಲ್ಲ, ಒಡಿಸ್ಸಿಯಸ್ಸನೇ. ಫಿಯೇಶಿಯನ್ನರ ಅರಸ ಅಲ್ಸಿನೊಸನ ಅರಮನೆಯಲ್ಲಿ, ಹೊಟ್ಟೆ ತುಂಬ ಉಂಡ ಮೇಲೆ. ಊರಿಗೆ ಹೋಗಲು ಆಗ ಅವನಿಗೆ ಅವರ ಹಡಗು ಬೇಕು. ಟ್ರಾಯ್‌ನಿಂದ ಜೊತೆಗೆ ಹೊರಟ 12 ಹಡಗುಗಳ ಜನರಲ್ಲಿ ಒಬ್ಬನೂ ಬದುಕಿಲ್ಲ. ಇಥಾಕಾಕ್ಕೆ ಬಂದಿಳಿದ ಮೇಲಾದರೂ ನಿಜ ಹೇಳುತ್ತಾನೆಯೇ? ತಾನು ಕ್ರೀಟ್ ದ್ವೀಪದವನೆಂದು ದೇವತೆ ಅಥೀನಾಗೆ ಒಂದು ಕಥೆ, ಹಂದಿ ಕಾಯುವ ಯೂಮಿಯಸ್‌ಗೆ ಇನ್ನೊಂದು, ಕೈಹಿಡಿದ ಪೆನೆಲೋಪೆಗೆ ಮತ್ತೊಂದು. ಅಥೀನಾ ನಕ್ಕು ಅವನ ಮೈದಡವುತ್ತಾಳೆ. ಸ್ವಂತ ನೆಲದ ಮೇಲೆ ನಿಂತೂ ನಿನ್ನ ಬುದ್ಧಿ ಬಿಡಲಿಲ್ಲವಲ್ಲ ಎನ್ನುತ್ತಾಳೆ. ಇಂಥವನ ಬಾಯಿಮಾತನ್ನು ಸಾಕ್ಷಿಯಿಲ್ಲದೆ ನಂಬುವುದು ಹೇಗೆ?

ನಂಬದೆಯೂ ಮೆಚ್ಚಬಹುದು, ಅದು ಬೇರೆ. ಒಕ್ಕಣ್ಣ ದೈತ್ಯ ಪಾಲಿಫೀಮಸ್‌ನ ಗುಹೆಯ ಪ್ರಸಂಗವನ್ನು ಇವತ್ತು ಮತ್ತೆ ತೆಗೆದು ಓದಿದೆ. ಒಳಗೆ 12 ಸಂಗಾತಿಗಳು ಮತ್ತು ಇವನು. ಬಾಗಿಲಿಗೆ 22 ಬಂಡಿಗಳು ಎಳೆದರೂ ಅಲುಗದ ಬಂಡೆ. ದೈತ್ಯನಿಗೆ ಹೊತ್ತಿಗೆ ಇಬ್ಬರಂತೆ ಊಟ. ಮೊದಲ ರಾತ್ರಿ ಅವನು ಮಲಗಿದಾಗ ಒಡಿಸ್ಸಿಯಸ್ ಕತ್ತಿಗೆ ಕೈ ಹಾಕುತ್ತಾನೆ, ಮತ್ತೆ ಕೈ ಹಿಂದೆಗೆಯುತ್ತಾನೆ. ಕೊಂದರೆ ಬಂಡೆ ಸರಿಸುವವರು ಯಾರು? ದೈತ್ಯನ ಕಣ್ಣು ಹೋಗಬೇಕು, ತೋಳು ಉಳಿಯಬೇಕು. ಆ ಕ್ಷಣದ ಈ ಲೆಕ್ಕಾಚಾರದ ಮುಂದೆ ಟ್ರಾಯ್‌ನ ಮರದ ಕುದುರೆಯ ಅವನದೇ ಉಪಾಯವೂ ನನಗೆ ಸಪ್ಪೆ.

ಹೆಸರಿನ ಆಟ ಎಲ್ಲರಿಗೂ ಗೊತ್ತು. ತನ್ನ ಹೆಸರು 'ಊಟಿಸ್' ಎಂದು ಹೇಳಿಕೊಳ್ಳುತ್ತಾನೆ. ಗ್ರೀಕಿನಲ್ಲಿ ಅದಕ್ಕೆ 'ಯಾರೂ ಇಲ್ಲ' ಎಂದರ್ಥ. ಕಣ್ಣು ಕಳೆದುಕೊಂಡ ದೈತ್ಯ 'ಊಟಿಸ್ ನನ್ನನ್ನು ಕೊಲ್ಲುತ್ತಿದ್ದಾನೆ' ಎಂದು ಅರಚಿದಾಗ, ಯಾರೂ ಕೊಲ್ಲುತ್ತಿಲ್ಲವೆಂದುಕೊಂಡು ನೆರೆಯ ದೈತ್ಯರು ಹಿಂತಿರುಗುತ್ತಾರೆ. ಇದನ್ನು ಕನ್ನಡಕ್ಕೆ ತರಲು ಅರ್ಧ ಗಂಟೆ ಹೆಣಗಿದೆ. 'ಯಾರೂಇಲ್ಲ ನನ್ನನ್ನು ಕೊಲ್ಲುತ್ತಿದ್ದಾನೆ' ಎಂದರೆ ನೆರೆಯ ದೈತ್ಯರಿಗೆ ತಕ್ಷಣ ವಾಸನೆ ಹತ್ತುತ್ತದೆ. ನಮ್ಮ 'ಇಲ್ಲ' ವಾಕ್ಯದ ತುದಿಯಲ್ಲಿ ಕೂರಬೇಕು, ಕ್ರಿಯಾಪದದ ಮಗ್ಗುಲಲ್ಲಿ. 'ಯಾರಯ್ಯಾ ಹೊಡೆದದ್ದು?' ಎಂದು ಅವರು ಕೇಳಿ, ಇವನು 'ಯಾರೂ ಇಲ್ಲ!' ಎಂದು ಒಂದೇ ಮಾತಿನಲ್ಲಿ ಅರಚಿದರೆ ಮಾತ್ರ ಆಟ ನಡೆಯುತ್ತದೆ. ಕನ್ನಡದ ಪಾಲಿಫೀಮಸ್ ಮಿತಭಾಷಿಯಾಗಿರಬೇಕು.

ಕುರಿಗಳ ಹೊಟ್ಟೆಗೆ ಅಂಟಿಕೊಂಡು ಪಾರಾದವನು ಹಡಗಿನಿಂದ ತನ್ನ ನಿಜವಾದ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಕೂಗಿ ಹೇಳುತ್ತಾನೆ. ಶಾಪ ಹಾಕಲು ವಿಳಾಸ ಸಿಕ್ಕಿತು. ದೈತ್ಯ ತನ್ನ ತಂದೆ, ಕಡಲ ದೇವರು ಪೊಸೈಡನ್‌ಗೆ ಮೊರೆಯಿಟ್ಟ. ಅಷ್ಟು ಜಾಣನಿಗೆ ಐದು ನಿಮಿಷ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

ಆಮೇಲೆ ಎರಡನೆಯ ಸರ್ಗಕ್ಕೆ ಹಿಂತಿರುಗಿದೆ. ಒಡಿಸ್ಸಿಯಸ್ಸನ ಮಗ ಟೆಲಿಮಾಕಸ್ ಇಥಾಕಾದ ಜನರ ಸಭೆ ಕರೆಯುತ್ತಾನೆ. ಮೊದಲು ಏಳುವವನು ಬೆನ್ನು ಬಾಗಿದ ಮುದುಕ ಈಜಿಪ್ಟಿಯಸ್. ಅವನ ಮಗ ಆಂಟಿಫಸ್ ಒಡಿಸ್ಸಿಯಸ್ ಜೊತೆ ಟ್ರಾಯ್‌ಗೆ ಹೋದವನು. ಸೈಕ್ಲೋಪ್ಸ್, ಅಂದರೆ ಅದೇ ಒಕ್ಕಣ್ಣ ದೈತ್ಯ, ಅವನನ್ನು ಗುಹೆಯಲ್ಲಿ ಕೊಂದು ಕೊನೆಯ ಊಟ ಮಾಡಿಕೊಂಡ. ಇದನ್ನು ಒಡಿಸ್ಸಿಯಸ್ ಹೇಳುತ್ತಿಲ್ಲ. ಅವನಿನ್ನೂ ತನ್ನನ್ನು ತಡೆಹಿಡಿದ ಅಪ್ಸರೆ ಕ್ಯಾಲಿಪ್ಸೊಳ ದ್ವೀಪದಲ್ಲಿದ್ದಾನೆ. ಹೇಳುತ್ತಿರುವುದು ಕವಿ.

ನನ್ನ ಶೋಧ ಅಲ್ಲಿಗೆ ಬಿದ್ದುಹೋಯಿತು. ಮೊದಲ ಸರ್ಗದಲ್ಲಿ ದೇವತೆಗಳ ಅರಸ ಸ್ಯೂಸ್ ಕೂಡ ಪಾಲಿಫೀಮಸ್‌ನ ಕುರುಡಿನ ಮಾತೆತ್ತುತ್ತಾನೆ. ದೇವರ ಮಾತೆಂದು ದಾಟಿಕೊಂಡು ಹೋಗಿದ್ದೆ. ಮುದುಕನನ್ನು ದಾಟಲು ಆಗಲಿಲ್ಲ. ಮಗ ಸತ್ತದ್ದು ಓದುಗನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. ಅವನನ್ನು ನೆನೆದು ಅಳುತ್ತಲೇ ಮಾತಿಗೆ ನಿಲ್ಲುತ್ತಾನೆ.

'ಕೊನೆಯ ಊಟ' ಎಂಬುದು ಮನಸ್ಸಿಗೆ ಕಚ್ಚಿಕೊಂಡಿತು. ಒಂಬತ್ತನೆಯ ಸರ್ಗ ತೆರೆದು ಲೆಕ್ಕ ಹಾಕಿದೆ. ಕೊನೆಯ ಇಬ್ಬರು ಸತ್ತದ್ದು ಎರಡನೆಯ ಸಂಜೆ. ಅಷ್ಟರಲ್ಲಿ ಆಲಿವ್ ಮರದ ಗೂಟ ಚೂಪಾಗಿ, ಬೆಂಕಿಯಲ್ಲಿ ಹದಗೊಂಡು, ಗೊಬ್ಬರದಡಿ ಬಚ್ಚಿಟ್ಟುಕೊಂಡಿತ್ತು. ದ್ರಾಕ್ಷಾರಸದ ಬಟ್ಟಲನ್ನು ದೈತ್ಯನ ಮುಂದೆ ಹಿಡಿದದ್ದು ಆ ಊಟದ ಬಳಿಕ. ಅಂದರೆ ಆಂಟಿಫಸ್‌ಗೆ ಉಪಾಯ ಗೊತ್ತಿದ್ದಿರಬೇಕು. ಗೂಟ ಉಜ್ಜಿ ನಯ ಮಾಡಿದ ಕೈಗಳಲ್ಲಿ ಅವನದೂ ಇದ್ದಿರಬಹುದು. ಅರಮನೆಯಲ್ಲಿ ಕಥೆ ಹೇಳುವಾಗ ಒಡಿಸ್ಸಿಯಸ್ ಸತ್ತ ಆ ಆರು ಜನರಲ್ಲಿ ಒಬ್ಬನ ಹೆಸರನ್ನೂ ಎತ್ತುವುದಿಲ್ಲ. ಕುರಿಗಳನ್ನು ಸಾಲಾಗಿ ಕಟ್ಟಿದ ಬಗೆಯನ್ನು ಮಾತ್ರ ವಿವರವಾಗಿ ಹೇಳುತ್ತಾನೆ.

ಈಜಿಪ್ಟಿಯಸ್‌ಗೆ ಇನ್ನೂ ಮೂವರು ಮಕ್ಕಳು. ಇಬ್ಬರು ಹೊಲಮನೆ ನೋಡಿಕೊಂಡವರು. ಒಬ್ಬ ಯೂರಿನೋಮಸ್, ಪೆನೆಲೋಪೆಯ ಕೈ ಬೇಡಿ ಅರಮನೆಯಲ್ಲಿ ಬೀಡುಬಿಟ್ಟ ಗುಂಪಿನವನು. 22ನೆಯ ಸರ್ಗದಲ್ಲಿ ಆ ಗುಂಪಿನ ಒಬ್ಬನನ್ನೂ ಒಡಿಸ್ಸಿಯಸ್ ಉಳಿಸುವುದಿಲ್ಲ.

ರಾತ್ರಿ ಕರೆಂಟು ಬಂದ ಮೇಲೆ ಕೊನೆಯ ಸರ್ಗ ತಿರುವಿದೆ. ಸತ್ತವರ ಕಡೆಯವರು ಸಭೆ ಸೇರುತ್ತಾರೆ. ಅಲ್ಲಿಯೂ ಒಬ್ಬ ಅಪ್ಪ ಎದ್ದು ನಿಂತು ಅಳುತ್ತಾನೆ, ಆದರೆ ಅವನು ಆ ಗುಂಪಿನ ಮುಂದಾಳು ಆಂಟಿನೋಸ್‌ನ ತಂದೆ ಯೂಪಿಥಿಸ್. ಈಜಿಪ್ಟಿಯಸ್‌ನ ಹೆಸರು ಬರುವುದಿಲ್ಲ. ಉಳಿದ ಇಬ್ಬರು ಮಕ್ಕಳೊಡನೆ ಹೊಲದ ಕಡೆ ಇದ್ದಾನೆಂದುಕೊಂಡು ದೀಪ ಆರಿಸಿದೆ.