ಚುಕ್ಕೆಗೆರೆ ಹಿಡಿದು ದೊಡ್ಡಜಾಲಕ್ಕೆ

ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕಿದ ನಕ್ಷೆಯ ಹಾಳೆ ಅದು. ಸರ್ವೇ ಆಫ್ ಇಂಡಿಯಾದ್ದು, ಹಾಳೆಯ ಸಂಖ್ಯೆ 57 ಜಿ/12, ನೆಲದ ಒಂದು ಮೈಲಿ ಇಲ್ಲಿ ಒಂದಂಗುಲ. ಮಡಿಕೆಗಳೆಲ್ಲ ಸವೆದು ಕೆಲವು ಊರುಗಳೇ ಹರಿದುಹೋಗಿದ್ದವು. 2008ರಲ್ಲಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಬಂದ ಜಾಗ ಈ ಹಾಳೆಯಲ್ಲಿ ಬರೀ ಹೊಲ.

ಯಲಹಂಕದಲ್ಲಿ ಚಿಕ್ಕಬಳ್ಳಾಪುರದ ರೈಲು ಹತ್ತಿದೆ. 1915ರಲ್ಲಿ ಶುರುವಾದಾಗ ಇದು ನ್ಯಾರೋಗೇಜ್ ದಾರಿ. ಹಳಿ ಅಗಲವಾಯಿತು, ದೊಡ್ಡಜಾಲದ ಪುಟ್ಟ ನಿಲ್ದಾಣ ಮಾತ್ರ ಹಳೆಯ ಕಾಲದ್ದೇ.

ಅಲ್ಲಿಂದ ನಡಿಗೆ. ಇಂಥ ನಕ್ಷೆಯಲ್ಲಿ ನನಗೆ ಮೊದಲು ಕಾಣುವುದು ಕೆರೆ. ನೀಲಿ ತುಂಬಿದ್ದರೆ ವರ್ಷವಿಡೀ ನೀರು, ಬರೀ ಅಂಚು ಗೀಚಿದ್ದರೆ ಬೇಸಿಗೆಗೆ ಒಣಗುವಂಥದ್ದು. ಏರಿಯ ಪಕ್ಕದಲ್ಲಿ ಒಂದು ಅಂಕಿ, ಅದಕ್ಕಂಟಿ 'ಆರ್' ಅಕ್ಷರ: ಏರಿ ಸುತ್ತಲಿನ ನೆಲಕ್ಕಿಂತ ಎಷ್ಟು ಎತ್ತರ ಎಂಬ ಲೆಕ್ಕ. ಅಳೆದವನು ಬಿಸಿಲಲ್ಲಿ ಆ ಏರಿಯ ಮೇಲೆ ನಿಂತಿದ್ದನಲ್ಲ ಎಂದು ನೆನೆದಾಗ ಅವನ ಮೇಲೆ ಅಕ್ಕರೆ ಹುಟ್ಟುತ್ತದೆ.

ಕೋಡಿಯಿಂದ ಕೆಳಗಿನ ಕೆರೆಗೆ ನಕ್ಷೆಯಲ್ಲಿ ಸಣ್ಣದೊಂದು ಹಳ್ಳವಿದೆ. ನೆಲದ ಮೇಲೆ ಅದನ್ನು ಹುಡುಕುತ್ತ ಹೋದರೆ ಬಡಾವಣೆಯೊಂದರ ಗೋಡೆ. ಗೋಡೆಯ ಬುಡದಲ್ಲಿ ಮೊಣಕಾಲುದ್ದಕ್ಕೆ ಕೆಸರಿನ ಕಲೆ. ಮಳೆನೀರು ಹಳೆಯ ದಾರಿಯನ್ನು ಇನ್ನೂ ಮರೆತಿಲ್ಲ. ಕಾಲುದಾರಿಯ ಚುಕ್ಕೆಗೆರೆಯೂ ಅಲ್ಲಿಯೇ ಮುಗಿಯಿತು. ಸುತ್ತಿ ಬರಲು ಅರ್ಧ ಗಂಟೆ ಹಿಡಿಯಿತು.

ಚಿಹ್ನೆಗಳ ಪಟ್ಟಿಯಲ್ಲಿ ಜನವಿರುವ ಹಳ್ಳಿಗೊಂದು ಗುರುತು, ಹಾಳುಬಿದ್ದ ಹಳ್ಳಿಗೆ ಇನ್ನೊಂದು. ಕಂದಾಯದ ಭಾಷೆಯಲ್ಲಿ ಈ ಎರಡನೆಯದು ಬೇಚಿರಾಕ್. ಅಂಥದ್ದೊಂದು ಸಿಗಬಹುದೆಂದು ಹಾಳೆಯೆಲ್ಲ ಜಾಲಾಡಿದೆ, ಸಿಗಲಿಲ್ಲ. ಬದಲಿಗೆ ಒಂದು ತೋಪು ಸಿಕ್ಕಿತು. ಎರಡೇ ಹುಣಸೆಮರ ಉಳಿದಿದ್ದವು, ಕೆಳಗೆ ಹಸು ಮೇಯಿಸುತ್ತಿದ್ದ ಅಜ್ಜ.

ನಕ್ಷೆ ಹರಡಿದೆ. ಅವರು ಕನ್ನಡಕ ಮೇಲೇರಿಸಿ ಬಾವಿಯ ನೀಲಿ ಚುಕ್ಕೆಯೊಂದರ ಮೇಲೆ ಬೆರಳಿಟ್ಟರು. "ಇದು ನಮ್ಮದೇ. ಇಲ್ಲೇ ಈಜು ಕಲಿತದ್ದು. ಈಗ ಮುಚ್ಚಿ ಮೇಲೆ ಶೆಡ್ ಕಟ್ಟಿದ್ದಾರೆ." ಸ್ವಲ್ಪ ಹೊತ್ತು ನೋಡಿ, "ಇದರ ಝೆರಾಕ್ಸ್ ಕೊಡುತ್ತೀರಾ? ಗಡಿಯ ತಕರಾರಿದೆ" ಎಂದರು.

ಇದರಲ್ಲಿ ಸರ್ವೇ ನಂಬರಾಗಲಿ ಹೊಲದ ಗಡಿಯಾಗಲಿ ಇರುವುದಿಲ್ಲ ಎಂದೆ.

"ಮತ್ತೆ ಇದೆಂಥ ನಕ್ಷೆ ಸ್ವಾಮಿ!" ಎನ್ನುತ್ತ ಹಾಳೆಯನ್ನು ತಪ್ಪು ಮಡಿಕೆಯಲ್ಲಿ ಮಡಚಿ ನನ್ನ ಕೈಗಿಟ್ಟು, ಹಸುವಿನ ಹಿಂದೆ ಹೊರಟರು.